ಹೊಲಿಗೆಯಿಲ್ಲದ ಮೇಲಂಗಿ

ಆ ಬೀದಿಯವರು ಅವನನ್ನು ಎದುರಿಗೆ ಟೇಲರ್ ಎಂದೂ ಬೆನ್ನ ಹಿಂದೆ ಹುಳದ ಟೇಲರ್ ಎಂದೂ ಕರೆಯುತ್ತಿದ್ದರು. ಅವನಿಗೂ ಅದು ಗೊತ್ತಿತ್ತು. ಕಿವಿಗೆ ಬಿದ್ದರೂ ಕೇಳಿಸದವನ ಹಾಗೆ ಮಿಷನ್ ತುಳಿಯುತ್ತಿದ್ದ. ಮನುಷ್ಯ ಕೆಟ್ಟವನೇನಲ್ಲ. ಹೇಳಿದ ದಿನಕ್ಕೆ ಬಟ್ಟೆ ಕೊಡುತ್ತಿದ್ದ, ಮಿಕ್ಕ ತುಂಡುಗಳನ್ನು ಗಂಟು ಕಟ್ಟಿ ವಾಪಸು ಕೊಡುತ್ತಿದ್ದ. ಈ ಎರಡೂ ಗುಣ ಒಬ್ಬನೇ ಟೇಲರಿನಲ್ಲಿ ಕಂಡವರು ಯಾರಾದರೂ ಇದ್ದರೆ ಕೈಯೆತ್ತಲಿ. ತಲೆಗೆ ಹುಳ ಬಿಟ್ಟುಕೊಂಡವರನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಮನೆಗೇ ಹುಳ ಬಿಟ್ಟುಕೊಂಡವನು ಮಾತ್ರ ಇವನೊಬ್ಬನೇ.

ಮನೆಯೆಂದರೆ ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೊಂದು. ಬೀದಿಗೆ ಅಂಗಡಿ, ಅದರ ಹಿಂದೆ ಒಂದು ಕೋಣೆ, ಕೋಣೆಯ ಹಿಂದೆ ಅಡುಗೆಮನೆ, ಕೊನೆಗೆ ತಗಡು ಹೊದಿಸಿದ ವರಾಂಡ. ಅಂಗಡಿಯಲ್ಲಿ ಅವನು, ಕೋಣೆಯಲ್ಲಿ ಅವನ ಅಕ್ಕ, ವರಾಂಡದಲ್ಲಿ ರೇಷ್ಮೆಹುಳು. ತಾಯಿ ಸತ್ತಾಗ ಅವನಿನ್ನೂ ಅಂಬೆಗಾಲಿಡುತ್ತಿದ್ದ. ಎತ್ತಿ ಆಡಿಸಿದವಳು, ಮೂಗು ಒರೆಸಿದವಳು, ಕೆಲಸ ಕಲಿಯಲು ಕಳಿಸಿದವಳು ಎಲ್ಲ ಅಕ್ಕನೇ. ಅವಳನ್ನು ಕೇಳಿಕೊಂಡು ಬಂದವರಿಗೆ, ತಮ್ಮ ಒಂದು ದಾರಿಗೆ ಬರಲಿ, ಆಮೇಲೆ ನೋಡೋಣ ಎನ್ನುತ್ತಿದ್ದಳು. ತಮ್ಮ ದಾರಿಗೆ ಬರುವಷ್ಟರಲ್ಲಿ ಕೇಳಿಕೊಂಡು ಬರುವವರು ನಿಂತುಹೋಗಿದ್ದರು. ಅವನ ಅಂಗಡಿಯಲ್ಲಿ ಕಾಜಾ ಹಾಕುವುದು, ಗುಂಡಿ ಹೊಲಿಯುವುದು, ಅಂಚು ಮಡಿಸುವುದು ಅವಳ ಕೆಲಸ. "ಹುಳದ ಮನೆಗೆ ಹೆಣ್ಣು ಕೊಡೋರು ಯಾರೋ?" ಎಂದು ಅವನನ್ನು ರೇಗಿಸುತ್ತಿದ್ದಳು. ಹುಳು ಬರುವುದಕ್ಕೆ ಮೊದಲೂ ಯಾರೂ ಕೊಟ್ಟಿರಲಿಲ್ಲ ಎಂಬುದು ಬೇರೆ ಮಾತು.

ಹುಳು ಆ ಮನೆಗೆ ಬಂದದ್ದು ಒಂದು ಏಪ್ರನ್ನಿನ ಜೇಬಿನಲ್ಲಿ. ಊರ ಹೊರಗಿನ ರೇಷ್ಮೆ ಸಾಕಣೆ ಕೇಂದ್ರದವರು ಸಡಿಲಾದ ಏಪ್ರನ್ನುಗಳನ್ನು ಬಿಗಿ ಮಾಡಲು ಕೊಟ್ಟಿದ್ದರು. ಅದರಲ್ಲೊಂದರ ಜೇಬಿನಿಂದ ಹಣ್ಣಾದ ಹುಳುವೊಂದು ಕತ್ತರಿಸುವ ಮೇಜಿನ ಮೇಲೆ ಬಿತ್ತು. ಗೂಡು ಕಟ್ಟುವ ಹೊತ್ತು ಬಂದ ಹುಳುವಿಗೆ ಸಾಕುವವರು ಹಣ್ಣಾಗಿದೆ ಎನ್ನುತ್ತಾರೆ. ಗೂಡು ಕಟ್ಟಬೇಕಾದರೆ ಅದಕ್ಕೊಂದು ಮೂಲೆ ಬೇಕು, ನಾಲ್ಕು ಕಡೆ ಎಳೆ ಕಟ್ಟಿ ಮಧ್ಯೆ ತೂಗಾಡಲು. ಆ ಮೇಜಿನ ಮೇಲೆ ಮೂಲೆ ಎಲ್ಲಿಂದ ಬರಬೇಕು? ಪಾಪ, ಅತ್ತ ಇತ್ತ ಹುಡುಕಿ ಹುಡುಕಿ ಸೋತು, ಮೈಯೊಳಗಿನ ರೇಷ್ಮೆಯನ್ನು ಇಟ್ಟುಕೊಳ್ಳಲೂ ಆಗದೆ, ಸುತ್ತಿದಲ್ಲೇ ಸುತ್ತುತ್ತ ಹಲಗೆಯ ಮೇಲೆ ಚಪ್ಪಟೆಯಾಗಿ ಹಾಸಿಬಿಟ್ಟಿತು. ಟೇಲರ್ ಅದನ್ನು ಉಗುರಿನಿಂದ ಎಬ್ಬಿಸಿ ಬೆಳಕಿಗೆ ಹಿಡಿದ. ಅಂಗೈಯಗಲದ ಬಟ್ಟೆ. ಮಗ್ಗದ ಹಾಸೂ ಇಲ್ಲ, ಹೊಕ್ಕೂ ಇಲ್ಲ, ಹೊಲಿಗೆ ಮೊದಲೇ ಇಲ್ಲ.

ಜೀವಮಾನವೆಲ್ಲ ಹೊಲಿಗೆ ಕಾಣದ ಹಾಗೆ ಮುಚ್ಚಿಡುವುದೇ ಕಸುಬಾಗಿದ್ದವನಿಗೆ ಇದು ಸಣ್ಣ ಸಂಗತಿಯಾಗಿರಲಿಲ್ಲ. ಅವನು ಹೊಲಿದದ್ದೆಲ್ಲ ಯಾರಯಾರದೋ ಮೈಮೇಲೆ ಹೋಗಿ, ಬೆವರಿನಲ್ಲಿ ನೆನೆದು, ಪಿಸಿದು, ಕೊನೆಗೆ ನೆಲ ಒರೆಸುವ ಬಟ್ಟೆಯಾಗುತ್ತಿತ್ತು. ಕಣ್ಣೂ ಮಂಜಾಗುತ್ತ ಬಂದಿತ್ತು; ಸೂಜಿಗೆ ದಾರ ಪೋಣಿಸಲು ಅಕ್ಕನನ್ನೇ ಕರೆಯಬೇಕಾಗಿತ್ತು. ಕಣ್ಣು ಪೂರ್ತಿ ಹೋಗುವ ಮೊದಲು ಹುಳುಗಳ ಕೈಯಲ್ಲಿ ಒಂದು ಇಡೀ ಮೇಲಂಗಿ ಕಟ್ಟಿಸಬೇಕು, ಎಲ್ಲೂ ಒಂದು ಹೊಲಿಗೆ ಇರಬಾರದು, ಯಾರೂ ಅದನ್ನು ತೊಟ್ಟು ಹರಿಯಬಾರದು ಎಂಬ ಆಸೆ ಅವನಿಗೆ ಹತ್ತಿತು. ಹತ್ತಿದ್ದು ಬಿಡಲಿಲ್ಲ. ಸಾಕಣೆ ಕೇಂದ್ರದವರು ಮೊಟ್ಟೆ ಕೊಟ್ಟರು. ಊರ ಹೊರಗೆ ರಸ್ತೆಯುದ್ದಕ್ಕೂ ಹಿಪ್ಪುನೇರಳೆ ಗಿಡಗಳಿದ್ದವು. ಬೆಳಗಾದರೆ ಅಕ್ಕ ಚೀಲ ಹಿಡಿದು ಸೊಪ್ಪಿಗೆ ಹೊರಡುತ್ತಿದ್ದಳು. ಗೂಡಿಲ್ಲದ ಹುಳು ಬರಿಮೈಯಲ್ಲೇ ಕೋಶವಾಗಿ, ಆಮೇಲೆ ಚಿಟ್ಟೆಯಾಗಿ ಹೊರಗೆ ಬರುತ್ತದೆ ಎಂದು ತಿಳಿದ ಮೇಲೆ ಅವಳಿಗೂ ಸಮಾಧಾನವಾಯಿತು. "ಸದ್ಯ, ಕುದಿಯೋ ನೀರಿಗೆ ಹಾಕಲ್ವಲ್ಲ, ಅಷ್ಟು ಸಾಕು" ಎಂದಳು.

ಮೇಲಂಗಿ ಕಟ್ಟಲು ಒಂದು ಮೈ ಬೇಕಲ್ಲ. ತಂತಿಯ ಪಂಜರ ಮಾಡಿ, ಒಳಗೆ ಚಿಂದಿ ತುಂಬಿ, ಮೇಲೂ ಚಿಂದಿಯನ್ನೇ ಬಿಗಿಯಾಗಿ ಎಳೆದು ಒಂದು ಬೊಂಬೆ ಮಾಡಿದ. ತಲೆಯಿಲ್ಲ, ತೋಳಿಲ್ಲ, ಸೊಂಟದಿಂದ ಕೆಳಗೆ ಏನೂ ಇಲ್ಲ. ಅಳತೆಗೆ ಅಕ್ಕನನ್ನು ನಿಲ್ಲಿಸಿದ.

"ಇದು ಯಾರಿಗೋ?" ಎಂದು ಅವಳು ಕೇಳಿದಳು.

"ಯಾರಿಗೂ ಅಲ್ಲ. ಹೊಟ್ಟೆ ಒಳಗೆಳ್ಕೋಬೇಡ, ಸರಿಯಾಗಿ ಉಸಿರಾಡು."

"ಯಾರಿಗೂ ಅಲ್ದೇ ಇರೋದಕ್ಕೆ ನನ್ನ ಅಳತೆ ಯಾಕೆ ಮತ್ತೆ?"

"ಅಲ್ಲಾಡದೆ ನಿಂತ್ಕೊಳ್ಳೋರು ಬೇರೆ ಯಾರಿದ್ದಾರೆ ಅಕ್ಕ ಈ ಮನೇಲಿ?"

ಅವಳು ನಕ್ಕು ಕೈ ಮೇಲೆತ್ತಿ ನಿಂತಳು.

ರೇಷ್ಮೆಹುಳುವಿನ ಜೊತೆ ಬಾಳುವುದೆಂದರೆ ಅದರ ಮೂಗಿಗೆ ತಲೆಬಾಗಿ ಬಾಳುವುದು. ಘಾಟು ಅದಕ್ಕೆ ಆಗದು. ಸೊಳ್ಳೆಬತ್ತಿ ಹಚ್ಚುವ ಹಾಗಿಲ್ಲ, ಬೀಡಿ ಸಿಗರೇಟು ಹತ್ತಿರ ಸುಳಿಯುವ ಹಾಗಿಲ್ಲ, ಈರುಳ್ಳಿ ಹುರಿಯುವುದಾದರೆ ಅಡುಗೆಮನೆಯ ಎರಡೂ ಬಾಗಿಲು ಹಾಕಿಕೊಂಡು ಅಕ್ಕ ಒಳಗೇ ಬೆವರಬೇಕು. ಸೆಂಟು ಬಳಿದುಕೊಂಡು ಬಂದ ಗಿರಾಕಿಗೆ ಮೆಟ್ಟಿಲ ಮೇಲೇ ಅಳತೆ. ಇದೆಲ್ಲ ಹೇಗೋ ನಡೆಯುತ್ತಿತ್ತು. ನಡೆಯದಿದ್ದದ್ದು ಅಕ್ಕನ ನೋವಿನ ಬಾಮು. ಅವಳಿಗೆ ಮಂಡಿ ನೋವು ಹಳೆಯದು, ಚಳಿ ಬಿದ್ದರೆ ಎದೆ ಬಿಗಿತ ಬೇರೆ. ಮಲಗುವ ಮುಂಚೆ ಮಂಡಿಗೂ ಎದೆಗೂ ಒಂದಿಷ್ಟು ತಿಕ್ಕಿಕೊಂಡರೇ ಅವಳಿಗೆ ಕಣ್ಣು ಹತ್ತುತ್ತಿದ್ದದ್ದು. ವರಾಂಡಕ್ಕೂ ಕೋಣೆಗೂ ಮಧ್ಯೆ ಅಡುಗೆಮನೆ ಇದೆಯಲ್ಲ, ಪರವಾಗಿಲ್ಲ ಎಂದು ತಮ್ಮನೂ ಸುಮ್ಮನಿದ್ದ.

ಮೊದಲ ಸಲ ಹುಳುಗಳೆಲ್ಲ ಬೊಂಬೆಯ ಕಂಕುಳಿಗೆ ಹೋಗಿ ಸೇರಿ, ಅದನ್ನೇ ಮೂಲೆ ಎಂದು ತಿಳಿದು ಗೂಡು ಕಟ್ಟಿಕೊಂಡವು. ಅದರ ಮುಂದಿನ ಸಲ ಎಲ್ಲ ಮೇಲಕ್ಕೇ ಹತ್ತಿ, ಹೆಗಲು ರಟ್ಟಿನಷ್ಟು ದಪ್ಪವೂ ಸೊಂಟ ಸೊಳ್ಳೆಪರದೆಯಷ್ಟು ತೆಳುವೂ ಆಯಿತು. ಬೊಂಬೆಯನ್ನು ಹಗ್ಗಕ್ಕೆ ನೇತುಹಾಕಿ ಆಗಾಗ ತಲೆಕೆಳಗೆ ಮಾಡಬೇಕು, ಕಂಕುಳಿಗೆ ಹೊರಟ ಹುಳುವನ್ನು ಒಂದೊಂದಾಗಿ ಎತ್ತಿ ಎದೆಗೆ ಬಿಡಬೇಕು, ಇದಕ್ಕೆ ನಾಲ್ಕು ಕೈ ಬೇಕು ಎಂದು ಆಗ ಗೊತ್ತಾಯಿತು. ಮೂರನೆಯ ಸಲ ಎಲ್ಲ ಸರಿಯಾಗಿತ್ತು. ಹುಳು ಇನ್ನೇನು ಹಣ್ಣಾಗಬೇಕು, ಒಂದು ಬೆಳಿಗ್ಗೆ ಅಕ್ಕ ಎದ್ದವಳೇ ನಿದ್ದೆಗಣ್ಣಿನಲ್ಲಿ ಸೊಪ್ಪು ಹರಡಿದಳು. ರಾತ್ರಿ ಮಂಡಿ ತಿಕ್ಕಿದ ಕೈ ತೊಳೆದುಕೊಂಡಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹುಳುಗಳು ಹಸಿರು ನೀರು ಕಕ್ಕಿ, ಮೈ ಸುರುಟಿಕೊಂಡು, ತಟ್ಟೆ ತಟ್ಟೆಯೇ ಸತ್ತು ಬಿದ್ದಿದ್ದವು.

ಟೇಲರ್ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಾತು ಬಿಟ್ಟ. ಊಟಕ್ಕೆ ಕರೆದರೆ ಬಂದು ಉಂಡು, ಕೈ ತೊಳೆದು ಹೋಗಿ ಮಿಷನ್ನಿನ ಮುಂದೆ ಕೂರುತ್ತಿದ್ದ. ಮೂಗು ಒರೆಸಿ ಬೆಳೆಸಿದ ತಮ್ಮ ಹೀಗೆ ಗೋಡೆಯಾಗಿ ಕೂತದ್ದನ್ನು ಅವಳು ಎಷ್ಟು ದಿನ ನೋಡಿಯಾಳು? ಕೊನೆಗೊಂದು ದಿನ ಬಾಮಿನ ಡಬ್ಬಿಯನ್ನು ತೆಗೆದುಕೊಂಡು ಹೋಗಿ ಎದುರುಗಡೆ ಇಸ್ತ್ರಿಯಮ್ಮನಿಗೆ ಕೊಟ್ಟು ಬಂದಳು. ಇಸ್ತ್ರಿಯಮ್ಮ ಎಂದರೆ ಬೀದಿಯ ಆಚೆ ಬದಿಯಲ್ಲಿ ಬಂಡಿ ನಿಲ್ಲಿಸಿಕೊಂಡು ಬಟ್ಟೆ ಇಸ್ತ್ರಿ ಮಾಡುತ್ತಿದ್ದವಳು, ಅಕ್ಕನಿಗೆ ಇದ್ದ ಒಬ್ಬಳೇ ಗೆಳತಿ. ಆವತ್ತು ಸಂಜೆ ತಮ್ಮ ಮಾತಾಡಿದ. ಆಮೇಲೆ ಯಾರು ಕೇಳಿದರೂ ಅವನದು ಒಂದೇ ಮಾತು: "ಅಕ್ಕನೇ ಬಿಟ್ಲು. ನಾನೇನೂ ಹೇಳ್ಲಿಲ್ಲ." ಅದು ಸುಳ್ಳಲ್ಲ. ಹಾಗಂತ ಅದನ್ನು ನಿಜ ಎನ್ನಲು ನನಗೆ ನಾಲಿಗೆ ಹೊರಳುವುದಿಲ್ಲ.

ಅಷ್ಟರಲ್ಲಿ ಜವಳಿ ವಸ್ತುಸಂಗ್ರಹಾಲಯದ ಮೇಡಂ ಒಬ್ಬರು ಅವನ ಅಂಗೈಯಗಲದ ತುಂಡುಗಳನ್ನು ನೋಡಿಕೊಂಡು ಹೋದರು. ಇಡೀ ಮೇಲಂಗಿ ಆದರೆ ತಿಳಿಸಿ, ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತೇವೆ, ನೂರು ವರ್ಷವಾದರೂ ಹಾಗೇ ಇರುತ್ತದೆ ಎಂದರು. ಅವನಿಗೆ ಅಂದಿನಿಂದ ಕೂತಲ್ಲಿ ನಿಂತಲ್ಲಿ ಅದೇ ಧ್ಯಾನ. ಕಣ್ಣಿನ ಡಾಕ್ಟರು ಬೇರೆ ದೃಷ್ಟಿ ಹೆಚ್ಚು ಕಾಲ ಉಳಿಯದು ಎಂದು ಹೇಳಿ ಕಳಿಸಿದ್ದರು. ಇದೊಂದು ಸಲ ಸರಿಯಾದರೆ ಆಯಿತು, ಇಲ್ಲದಿದ್ದರೆ ಇಲ್ಲ ಎಂದು ಚಳಿಗಾಲದ ಶುರುವಿನಲ್ಲಿ ಹೊಸ ಮೊಟ್ಟೆ ತಂದ.

ಹುಳು ಪೊರೆ ಬಿಡುವ ಮೊದಲು ತಿನ್ನುವುದು ನಿಲ್ಲಿಸಿ, ತಲೆ ಎತ್ತಿಕೊಂಡು ಅಲ್ಲಾಡದೆ ಕೂತುಬಿಡುತ್ತದೆ. ಸಾಕುವವರು ಅದಕ್ಕೆ ಜ್ವರ ಎನ್ನುತ್ತಾರೆ. ಹುಳುವಿನ ಬಾಳಿನಲ್ಲಿ ಅಂಥ ನಾಲ್ಕು ಜ್ವರ. ಹುಳುಗಳಿಗೆ ನಾಲ್ಕನೇ ಜ್ವರ ಬಂದ ವಾರವೇ ಅಕ್ಕನಿಗೂ ಜ್ವರ ಬಂತು. ಹುಳುಗಳ ಜ್ವರ ಬಿಟ್ಟಿತು, ಅಕ್ಕನದು ಬಿಡಲಿಲ್ಲ. ಬೀದಿಯ ತುದಿಯ ಕ್ಲಿನಿಕ್ಕಿನಲ್ಲಿ ಮಾತ್ರೆ ಕೊಟ್ಟರು. ಮಾತ್ರೆ ನುಂಗಿಕೊಂಡೇ ಅವಳು ಸೊಪ್ಪಿಗೆ ಹೋಗಿ ಬಂದಳು. ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತು ಕೆಮ್ಮುತ್ತಿದ್ದಳು, ಮಲಗಿದರೆ ಉಸಿರು ಕಟ್ಟುತ್ತಿತ್ತು.

"ಲೋ, ಎದೆ ಹಿಡ್ಕೊಂಡ್ಬಿಟ್ಟಿದೆ. ಒಂಚೂರು ಬಾಮ್ ತಿಕ್ಕೊಳ್ಲಾ?" ಎಂದು ಒಂದು ಬೆಳಿಗ್ಗೆ ಕೇಳಿದಳು. ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ ಸಲ.

"ಹುಳ ಹಣ್ಣಾಗ್ತಾ ಇದೆ ಅಕ್ಕ. ಇನ್ನೆರಡು ದಿನ ತಡ್ಕೊಂಡ್ಬಿಡು."

ಬಾಗಿಲಲ್ಲಿ ನಿಂತಿದ್ದ ಇಸ್ತ್ರಿಯಮ್ಮ ಇದನ್ನು ಕೇಳಿಸಿಕೊಂಡಳು. "ಹಂಗಾದ್ರೆ ನಮ್ಮನೇಗೆ ಕರ್ಕೊಂಡ್ ಹೋಗ್ತೀನಿ. ಅಲ್ಲೇ ತಿಕ್ಕೊಂಡು ಬೆಚ್ಚಗೆ ಮಲಗಿರ್ಲಿ. ನಿನ್ನ ಹುಳಗಳ ಬಾಣಂತನ ಮುಗಿದ್ಮೇಲೆ ಕಳಿಸ್ತೀನಿ."

"ಅಕ್ಕ ಹೋದ್ರೆ ಬೊಂಬೆ ತಿರುಗ್ಸೋರು ಯಾರು?" ಎಂದು ಅವನು ನಗುತ್ತ ಹೇಳಿದ.

ನಗುತ್ತಲೇ ಹೇಳಿದ್ದು ನಿಜ. ಆದರೆ ಹೇಳಿದ ಮೇಲೆ ಬೇರೆ ಮಾತು ಸೇರಿಸಲಿಲ್ಲ. ಅಕ್ಕ ಒಂದು ಕ್ಷಣ ಅವನ ಮುಖ ನೋಡಿ, "ಇರ್ಲಿ ಬಿಡೇ, ಎರಡು ದಿನ ತಾನೇ" ಎಂದು ಗೆಳತಿಯನ್ನು ಕಳಿಸಿದಳು.

ಹುಳು ಹಣ್ಣಾದವು. ಮೈ ಜೇನಿನ ಬಣ್ಣಕ್ಕೆ ತಿರುಗಿ, ತಲೆ ಎತ್ತಿ ಗಾಳಿಯಲ್ಲಿ ಮೂಲೆ ಹುಡುಕತೊಡಗಿದವು. ಟೇಲರ್ ಅವುಗಳನ್ನು ಬೊಂಬೆಯ ಮೈಮೇಲೆ ಬಿಟ್ಟ. ಅಕ್ಕ ಸ್ಟೂಲಿನ ಮೇಲೆ ಶಾಲು ಹೊದ್ದು ಕೂತು ಹಗ್ಗ ಹಿಡಿದಳು. ಅವನು ತಿರುಗ್ಸು ಎಂದಾಗ ತಿರುಗಿಸಬೇಕು, ಸಾಕು ಎಂದಾಗ ನಿಲ್ಲಿಸಬೇಕು. ಬೊಂಬೆ ಅಲ್ಲಾಡಿದರೆ ಎಳೆ ಕಡಿಯುತ್ತದೆ ಎಂದು, ಕೆಮ್ಮು ಬಂದಾಗ ಹಗ್ಗ ಬಿಟ್ಟು ಗೋಡೆಯ ಕಡೆ ತಿರುಗಿ ಕೆಮ್ಮುತ್ತಿದ್ದಳು. ಅವನ ಬೆರಳುಗಳು ಮಾತ್ರ ಆ ಎರಡು ದಿನ ಹುಳುಗಳ ಮಾತು ಕೇಳಿಕೊಂಡ ಹಾಗೆ ಓಡಾಡಿದವು. ಯಾವುದು ಕಂಕುಳಿಗೆ ಹೊರಟಿದೆ, ಯಾವುದು ಕತ್ತಿನ ಪಟ್ಟಿಯ ಕಡೆ ಹೊರಟಿದೆ ಎಂದು ಮಂಜುಗಣ್ಣಿಗೂ ಗೊತ್ತಾಗುತ್ತಿತ್ತು. ಅವನು ಎತ್ತಿ ಬಿಟ್ಟಲ್ಲಿ ಅವು ತಲೆಯಾಡಿಸುತ್ತ ನೇಯುತ್ತಿದ್ದವು. ಚಿಂದಿಯ ಕೆಂಪು, ನೀಲಿ, ಕೊಳೆಬಣ್ಣ ಎಲ್ಲ ಒಂದೊಂದಾಗಿ ಮರೆಯಾಗಿ ಬಿಳಿ ಮೇಲೆದ್ದು ಬಂತು. ಅವನಿಗೆ ಅಷ್ಟು ಸುಖ ಹಿಂದೆಂದೂ ಆಗಿರಲಿಲ್ಲ.

"ನೋಡ್ತಾ ಇದ್ರೆ ನನ್ನ ಮೈಮೇಲೇ ಹರಿದಾಡ್ದಂಗೆ ಆಗುತ್ತೆ ಕಣೋ" ಎಂದಳು ಅಕ್ಕ.

"ತಿರುಗ್ಸು" ಎಂದ ಅವನು.

ಮುಗಿದ ದಿನ ಬೆಳಿಗ್ಗೆ ಬೊಂಬೆಯ ಅಡಿಯಿಂದ ಚಿಂದಿಯನ್ನೆಲ್ಲ ಎಳೆದು ತೆಗೆದ. ತಂತಿಯ ಪಂಜರವನ್ನು ಮಡಿಸಿ ಮೆತ್ತಗೆ ಹೊರಗೆಳೆದ. ಮೇಲಂಗಿ ಒಂದೇ ಉಳಿಯಿತು. ಒಳಗೆ ಏನೂ ಇಲ್ಲದಿದ್ದರೂ ಎದೆ, ಬೆನ್ನು, ಹೆಗಲು ಎಲ್ಲ ಹಾಗೇ ನಿಂತಿತ್ತು. ಎತ್ತಿದರೆ ಭಾರವೇ ಇಲ್ಲ. ಕತ್ತಿನಿಂದ ಸೊಂಟದವರೆಗೆ ಬೆರಳಾಡಿಸಿದ; ಎಲ್ಲೂ ತಡೆಯಲಿಲ್ಲ. ಕೋಣೆಗೆ ಓಡಿಹೋಗಿ ಅಕ್ಕನಿಗೆ ತೋರಿಸಿದ.

ಅವಳು ಬಹಳ ಹೊತ್ತು ನೋಡಿದಳು. "ಚೆನ್ನಾಗಿದೆ" ಎಂದಳು. ಆಮೇಲೆ, "ಈಗ ಹಚ್ಕೋಬಹುದಾ?"

"ಹಚ್ಕೋ ಅಕ್ಕ, ಅದಕ್ಕೇನಂತೆ!" ಎಂದು ಹೇಳಿ ಮೇಡಮ್ಮಿಗೆ ಫೋನ್ ಮಾಡಲು ಅಂಗಡಿಗೆ ಹೋದ. ಮನೆಯಲ್ಲಿ ಬಾಮು ಇಲ್ಲವೆಂಬುದು ಅವನಿಗೆ ನೆನಪಾಗಲಿಲ್ಲ. ಫೋನಿನಲ್ಲಿ ಮಾತಾಡುತ್ತಿದ್ದವನಿಗೆ ಅಕ್ಕ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಬೀದಿ ದಾಟಿ ಇಸ್ತ್ರಿ ಬಂಡಿಯ ಹತ್ತಿರ ಹೋದದ್ದು ಕಂಡಿತು. ಎರಡು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. ಮೇಡಂ ಇನ್ನೂ ಏನೋ ಹೇಳುತ್ತಿದ್ದರು. ವಾರದೊಳಗೆ ಬಂದು ತೆಗೆದುಕೊಂಡು ಹೋಗುತ್ತೇವೆ ಎಂದರು.

ಮಾರನೆಯ ದಿನ ಅಕ್ಕನಿಗೆ ಮೇಲುಸಿರು ಬಂತು. ಆಸ್ಪತ್ರೆಗೆ ಸೇರಿಸಿದರು. ಅದರ ಮಾರನೆಯ ದಿನ ಮಧ್ಯಾಹ್ನ ತೀರಿಕೊಂಡಳು.

ಟೇಲರ್ ಡಾಕ್ಟರನ್ನು ಕಾರಿಡಾರಿನಲ್ಲಿ ತಡೆದು ಕೇಳಿದ. ನ್ಯುಮೋನಿಯಾ, ಶ್ವಾಸಕೋಶ ತುಂಬಿಹೋಗಿತ್ತು ಎಂದರು. "ಬಾಮು ಹಚ್ಚಿದ್ರೆ?" ಎಂದು ಇವನು. ಡಾಕ್ಟರಿಗೆ ಪ್ರಶ್ನೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ಬಾಮು ಹಚ್ಚಿದ್ರೂ ಇಷ್ಟೇ, ಬಿಟ್ಟಿದ್ರೂ ಇಷ್ಟೇ" ಎಂದರು. ಈ ಒಂದು ಮಾತನ್ನು ಅವನು ಹಿಡಿದುಕೊಂಡು ಮನೆಗೆ ಬಂದ. ನೋಡಲು ಬಂದವರೆಲ್ಲರಿಗೂ ಹೇಳಿದ, ಕೇಳದವರಿಗೂ ಹೇಳಿದ. ಇಸ್ತ್ರಿಯಮ್ಮನಿಗೂ ಹೇಳಿದ. ಅವಳು ಕೇಳಿಸಿಕೊಂಡು ಒಳಗೆ ಹೋದಳು. ಡಾಕ್ಟರು ಸುಳ್ಳು ಹೇಳಿರಲಿಲ್ಲ. ಆದರೆ ಅಷ್ಟು ರಾತ್ರಿ ಅವಳು ಗೋಡೆಗೊರಗಿ ಕೂತು ಬೆಳಗು ಮಾಡಿದ್ದಳಲ್ಲ, ಒಂದು ರಾತ್ರಿಯಾದರೂ ಎದೆ ಬೆಚ್ಚಗಾಗಿ ಕಣ್ಣು ಮುಚ್ಚುತ್ತಿದ್ದಳೇ ಎಂದು ಅವನು ಕೇಳಿರಲಿಲ್ಲ. ಅದರ ಉತ್ತರಕ್ಕೆ ಡಾಕ್ಟರು ಬೇಕಾಗಿರಲಿಲ್ಲ, ಅವನಿಗೇ ಗೊತ್ತಿತ್ತು.

ಹೆಂಗಸರು ಕೋಣೆಯಲ್ಲಿ ಅಕ್ಕನ ಮೈ ಒರೆಸುತ್ತಿದ್ದರು. ಬಾಗಿಲ ಸಂದಿಯಿಂದ ಯಾರೋ, "ತೊಡಿಸೋಕೆ ಒಂದು ಒಳ್ಳೇ ಬಟ್ಟೆ ಕೊಡಪ್ಪ" ಎಂದರು. ಅವನು ಅಂಗಡಿಗೆ ಎಳೆದಿಟ್ಟಿದ್ದ ಅಕ್ಕನ ಪೆಟ್ಟಿಗೆ ತೆರೆದ. ಇದ್ದವೆಲ್ಲ ತೊಳೆದು ತೊಳೆದು ಬಣ್ಣಗೆಟ್ಟವು. ಬೀದಿಗೆಲ್ಲ ಹೊಸ ಬಟ್ಟೆ ಹೊಲಿದುಕೊಟ್ಟವನ ಮನೆಯಲ್ಲಿ ಅಕ್ಕನಿಗೆ ಕೊನೆಯ ಸಲ ಹೊಸದು ಹೊಲಿದದ್ದು ಯಾವಾಗ ಎಂದು ಅವನಿಗೆ ನೆನಪಾಗಲಿಲ್ಲ. ಪೆಟ್ಟಿಗೆ ಮುಚ್ಚಿ ಅಂಗಡಿಯ ಕದ ಹಾಕಿಕೊಂಡ.

ಮೇಲಂಗಿ ಕತ್ತರಿಸುವ ಮೇಜಿನ ಮೇಲಿತ್ತು. ಅಳತೆ ಅವಳದೇ. ಆದರೆ ಸೆಟೆದುಹೋದ ಮೈಗೆ ಅದನ್ನು ತಲೆಯ ಮೇಲಿಂದ ಇಳಿಸಲು ಆಗದು. ಬೆನ್ನಿನ ಉದ್ದಕ್ಕೂ ಸೀಳಬೇಕು. ಬೇರೆ ಬಟ್ಟೆಯಾಗಿದ್ದರೆ ಹೊಲಿಗೆ ಬಿಚ್ಚಿ, ಆಮೇಲೆ ಮತ್ತೆ ಹಾಕಬಹುದಿತ್ತು. ಇದರಲ್ಲಿ ಬಿಚ್ಚುವುದೆಲ್ಲಿ? ಅವನು ಬಹಳ ಹೊತ್ತು ಕತ್ತರಿ ಹಿಡಿದು ನಿಂತ. ಗಾಜಿನ ಪೆಟ್ಟಿಗೆ ನೆನಪಾಯಿತು. ನೂರು ವರ್ಷ ನೆನಪಾಯಿತು. ಒಳಗಿನಿಂದ ಮತ್ತೊಮ್ಮೆ ಕರೆದರು. ಅವನು ಕತ್ತಿನ ಹಿಂಬದಿಯಲ್ಲಿ ಕತ್ತರಿಯ ತುದಿಯಿಟ್ಟು ಒತ್ತಿದ. ಸೀಮೆಸುಣ್ಣದ ಗುರುತಿಲ್ಲದೆ ಅವನು ಕತ್ತರಿ ಆಡಿಸಿದ್ದು ಅದೇ ಮೊದಲು. ಹುಳುಗಳ ಕೆಲಸ ಗಟ್ಟಿಯಾಗಿತ್ತು. ಕತ್ತರಿಗೆ ಸುಲಭವಾಗಿ ಬಗ್ಗಲಿಲ್ಲ. ಸೊಂಟ ಮುಟ್ಟುವಷ್ಟರಲ್ಲಿ ಅವನು ಬಿಕ್ಕುತ್ತಿದ್ದ. ದುಃಖದ ಜೊತೆ ಒಂದು ಹಗುರವೂ ಇತ್ತು, ಕೊನೆಗೂ ಅಕ್ಕನಿಗೆ ಏನೋ ಕೊಟ್ಟೆ ಎಂದು.

ಸೀಳಿದ ಮೇಲಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಕೋಣೆಯ ಬಾಗಿಲಿಗೆ ಬಂದ. ಇಸ್ತ್ರಿಯಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಅದು ಬೇಡ" ಎಂದಳು.

"ಅಳತೆ ಅವಳದೇ. ಹಿಂದ್ಗಡೆ ಸೀಳಿದ್ದೀನಿ, ತೊಡಿಸೋಕಾಗುತ್ತೆ."

"ಅವಳೇ ಬೇಡ ಅಂದಿದ್ದಾಳೆ. ಆವತ್ತು ನನ್ನ ಬಂಡಿ ಹತ್ರ ಬಂದು ಎದೆಗೆ ತಿಕ್ಸಿಕೊಂಡ್ಲಲ್ಲ, ಆಗ್ಲೇ ಹೇಳಿದ್ಲು. ನಾನು ಉಳಿಯಲ್ಲ, ನಾ ಹೋದ್ರೆ ಅವನು ಅದನ್ನ ತಗೊಂಡು ಬಂದೇ ಬರ್ತಾನೆ, ಅವನು ಅಂಥವನೇ, ತೊಡಿಸೋಕೆ ಬಿಡ್ಬೇಡ ಅಂತ." ಅವಳು ದನಿ ತಗ್ಗಿಸಿದಳು. "ಬದುಕಿದ್ದಾಗ ಅವಕ್ಕೆ ಜಾಗ ಬಿಟ್ಟಿದ್ದು ಸಾಕು, ಹೋಗುವಾಗ್ಲಾದ್ರೂ ನನ್ನ ಮೈ ನಂದಾಗಿರ್ಲಿ ಅಂದ್ಲು. ನಾನು ಹೇಳ್ಬಾರ್ದು ಅಂತಿದ್ದೆ. ನೀನು ತಂದ್ಬಿಟ್ಟೆ."

ಅಕ್ಕ ಸಂತೋಷದಿಂದ ತಡೆದುಕೊಂಡಳು ಎಂದು ಅವನು ನಿಜವಾಗಿಯೂ ನಂಬಿದ್ದ. ಇಸ್ತ್ರಿಯಮ್ಮ ತನ್ನ ಬಂಡಿಯಲ್ಲಿದ್ದ ಅಕ್ಕನ ಕಂದು ಬಣ್ಣದ ಹಳೆಯ ನಿಲುವಂಗಿಯನ್ನು ಬೆಚ್ಚಗೆ ಇಸ್ತ್ರಿ ಮಾಡಿ ತಂದಿದ್ದಳು. ಹೆಂಗಸರು ಅದನ್ನೇ ತೊಡಿಸಿದರು. ಕದ ಮುಚ್ಚಿತು. ಅವನು ಮೇಲಂಗಿ ಹಿಡಿದುಕೊಂಡು ಅಂಗಡಿಗೆ ವಾಪಸು ಬಂದು ಮೇಜಿನ ಮೇಲೆ ಹಾಕಿದ. ಅದು ಬೆನ್ನು ಬಿಚ್ಚಿಕೊಂಡು ಎರಡೂ ಕಡೆಗೆ ಒರಗಿ ಬಿದ್ದುಕೊಂಡಿತು.

ಆಗಲೇ ಫೋನ್ ಬಂತು. ಮ್ಯೂಸಿಯಮ್ಮಿನ ಮೇಡಂ. ನಾಳೆ ಬೆಳಿಗ್ಗೆ ಗಾಡಿ ಕಳಿಸುತ್ತೇವೆ, ಮೇಲಂಗಿಯ ಪಕ್ಕದಲ್ಲಿ ಯಾರು ಮಾಡಿದ್ದು ಎಂದು ಬರೆಯಬೇಕು, ನಿಮ್ಮ ಹೆಸರಿನ ಜೊತೆ ಇನ್ಯಾರದಾದರೂ ಸೇರಿಸಬೇಕೆ ಎಂದು ಕೇಳಿದರು. ಹೊರಗೆ ಎತ್ತುವವರು ಸಿದ್ಧವಾಗಿ ನಿಂತು, ತಮ್ಮ ಎಲ್ಲಿ, ಮುಂದೆ ಹೆಗಲು ಕೊಡಬೇಕಾದವನು ಅವನಲ್ಲವೇ ಎಂದು ಕೂಗುತ್ತಿದ್ದರು.

"ಗಾಡಿ ಕಳಿಸ್ಬೇಡಿ ಮೇಡಂ" ಎಂದ ಅವನು. "ಆವತ್ತು ಅವಸರದಲ್ಲಿ ಹೇಳ್ಬಿಟ್ಟೆ. ಈ ಸಲನೂ ಹುಳ ಕೈಕೊಟ್ಬಿಟ್ವು."